ಮೂರು ಕಚ್ಚುಗಳಿದ್ದ ಉಂಗುರ

ಮುಟ್ಟಬೇಡಿ ಎಂದು ಬರೆದುಕೊಟ್ಟಿದ್ದರೂ ಎಲೆಕ್ಟ್ರಾನಿಕ್ ಸಿಟಿಯ ಒಂದು ರಿಪೇರಿ ಅಂಗಡಿಯವರು ನನ್ನ ಕ್ಯಾಮೆರಾ ಲೆನ್ಸಿನ ಫೋಕಸ್ ಉಂಗುರವನ್ನು ಬಿಚ್ಚಿ ಎಸೆದರು. ಅಂದಿನಿಂದ ನನ್ನ ಹೆಂಡತಿಯ ಮುಖವನ್ನು ನಾನು ಕಂಡಿಲ್ಲ.

ಇದು ಉತ್ಪ್ರೇಕ್ಷೆಯಲ್ಲ. ನಾಲ್ಕು ವರ್ಷಗಳಿಂದ ನನ್ನ ಎರಡೂ ಕಣ್ಣುಗಳ ನಡುಭಾಗ ಮಸುಕಾಗುತ್ತ ಬಂದು, ಈಗ ಅಲ್ಲಿ ಬೂದು ಕಲೆಯೊಂದೇ ಉಳಿದಿದೆ. ಎದುರಿಗೆ ಕುಳಿತವರ ಕಿವಿ ಕಾಣುತ್ತದೆ, ಭುಜ ಕಾಣುತ್ತದೆ, ಮುಖ ಕಾಣುವುದಿಲ್ಲ. ಆದರೆ ಫೋಟೋ ತೆಗೆದು ಟಿವಿಯಲ್ಲಿ ದೊಡ್ಡದು ಮಾಡಿಕೊಂಡರೆ, ಓರೆಗಣ್ಣಿನಲ್ಲಿ ತುಂಡುತುಂಡಾಗಿ ಆಕೆಯನ್ನು ಓದಿಕೊಳ್ಳುತ್ತಿದ್ದೆ. ಫೋನು ಸಾಲದು, ಸಿಂಗಸಂದ್ರದ ನಮ್ಮ ಮಬ್ಬು ಮನೆಯಲ್ಲಿ ಅದು ಆಕೆಯ ಸುಕ್ಕುಗಳನ್ನೆಲ್ಲ ತಾನೇ ಒರೆಸಿ ಬೇರೆ ಯಾರನ್ನೋ ತಂದು ಕೂರಿಸುತ್ತದೆ.

ಆ ಲೆನ್ಸು ಹಾಗಲ್ಲ. ಪೂರಾ ಲೋಹ, ಅಂಗೈಯಲ್ಲಿ ಅರ್ಧ ಸೇರು ಅಕ್ಕಿಯ ತೂಕ. ಗಾಜು ಎಷ್ಟು ಅಗಲವೆಂದರೆ ಕಿಟಕಿಯೊಂದರ ಬೆಳಕೇ ಅದಕ್ಕೆ ಧಾರಾಳ. ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ಬೆಲ್ಲದ ಗಟ್ಟಿ ಪಾಕದಲ್ಲಿ ಸೌಟು ಆಡಿಸಿದ ಹಾಗೆ ಉಂಗುರ ತಿರುಗುತ್ತಿತ್ತು, ನಿಲ್ಲಿಸಿದಲ್ಲಿ ನಿಲ್ಲುತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ನಾನು ಅಳತೆ ಪರೀಕ್ಷಕನಾಗಿದ್ದೆ. ಅಲ್ಲಿ ಪ್ರತಿಯೊಬ್ಬನೂ ತನ್ನ ಗೇಜಿನ ಮೇಲೆ ಅರದಿಂದ ಒಂದು ಕಚ್ಚು ಹಾಕಿಕೊಳ್ಳುತ್ತಿದ್ದ, ನೋಡದೆಯೇ ಹೆಬ್ಬೆರಳಿಗೆ ತಿಳಿಯಲಿ ಎಂದು. ಇನ್ನೊಬ್ಬನ ಕಚ್ಚನ್ನು ಯಾರೂ ಉಜ್ಜುತ್ತಿರಲಿಲ್ಲ. ದೃಷ್ಟಿ ಪೂರ್ತಿ ಕೈಕೊಡುವ ಮುನ್ನ ನಾನು ಆ ಉಂಗುರದ ಮೇಲೆ ಹಾಗೆಯೇ ಮೂರು ಕಚ್ಚು ಕೊರೆದೆ: ಊಟದ ಮೇಜಿಗೊಂದು, ಅಡುಗೆಮನೆಯ ಹೊಸ್ತಿಲಿಗೊಂದು, ಬಾಲ್ಕನಿಯ ಕುರ್ಚಿಗೊಂದು. ನಾನು ನಿಲ್ಲಬೇಕಾದ ಜಾಗಗಳಲ್ಲಿ ಕಾಲಿಗೆ ತಾಗುವಂತೆ ಹಗ್ಗದ ತುಂಡು ಅಂಟಿಸಿದೆ. ಅಲ್ಲಿ ನಿಂತು ಆ ಜಾಗದ ಕಚ್ಚಿಗೆ ಉಂಗುರ ತಿರುಗಿಸಿದರೆ ಸಾಕು, ಆಕೆಯ ಮುಖ ಸ್ಪಷ್ಟವಾಗಿ ಬೀಳುತ್ತಿತ್ತು.

“ಮದುವೆಯಾದ ಹೊಸದರಲ್ಲೂ ನನ್ನನ್ನ ಇಷ್ಟು ಅಳತೆ ಮಾಡಿ ನೋಡ್ಲಿಲ್ಲ ನೀವು,” ಎಂದಿದ್ದಳು ಆಕೆ. ಹೇಳುವಾಗ ನಕ್ಕಿದ್ದಳೆಂದು ಗೊತ್ತಾದದ್ದು ಫೋಟೋದಲ್ಲಿ.

ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಇನ್ನೊಂದು ಉಂಗುರ ಬಿಗಿದುಕೊಂಡಿತು. ಅದನ್ನಷ್ಟೇ ಸರಿಪಡಿಸಿ, ಫೋಕಸ್ ಉಂಗುರ ಮುಟ್ಟಬೇಡಿ ಎಂದು ದಪ್ಪಕ್ಷರದ ಚೀಟಿ ಅಂಟಿಸಿ ಕೊಟ್ಟೆ. ಒಂಬತ್ತು ದಿನದ ಮೇಲೆ ಹೋದರೆ ಕೌಂಟರಿನವರಿಗೆ ಬಹಳ ಉತ್ಸಾಹ.

“ಹೊಸದರ ಥರ ಮಾಡ್ಬಿಟ್ಟಿದೀವಿ ಸಾರ್. ಫೋಕಸ್ ತುಂಬಾ ಟೈಟಿತ್ತು. ರಿಂಗಿನ ಮೇಲೆ ಗೀರು ಬೇರೆ ಬಿದ್ದಿತ್ತು, ಅದನ್ನೂ ಚೇಂಜ್ ಮಾಡಿದ್ವಿ.”

“ಹಳೆಯದೆಲ್ಲಿ?”

“ಸ್ಕ್ರ್ಯಾಪಿಗೆ ಹೋಯ್ತು. ಅದನ್ನಿಟ್ಕೊಂಡು ಏನ್ಮಾಡ್ತೀರಾ ಸಾರ್?”

“ಚೀಟಿ ಓದಲಿಲ್ಲವೇ?”

“ಕೇಳಿದ್ದಕ್ಕಿಂತ ಜಾಸ್ತೀನೇ ಮಾಡಿದೀವಲ್ಲ,” ಎಂದವರು ಒಳಗಡೆ ತಿರುಗಿ, “ಯಜಮಾನ್ರಿಗೆ ಗೀರೇ ಬೇಕಂತೆ ಕಣೋ,” ಎಂದರು. ಒಳಗೆ ಯಾರೋ ನಕ್ಕರು. ಆ ನಗುವನ್ನು ನಾನು ಮರೆತಿಲ್ಲ.

ಉಂಗುರ ಈಗ ಸೋಪು ಹಚ್ಚಿದ ಬಳೆಯಂತೆ ಜಾರುತ್ತದೆ. ಒಳಗಿನ ತಿರುಪಿನ ಥ್ರೆಡ್ಡನ್ನೂ ಉಜ್ಜಿ ಸವೆಸಿದ್ದಾರೆ, ಇನ್ನು ಯಾವ ಗ್ರೀಸೂ ಹಿಡಿಯುವುದಿಲ್ಲ ಎಂದು ಬೇರೊಂದು ಕಡೆ ಹೇಳಿದರು. ಹೊಸ ಲೆನ್ಸು ಕೊಂಡರೂ ಫೋಕಸ್ ನೋಡಿ ಕಚ್ಚು ಕೊರೆಯುವ ಕಣ್ಣು ನನಗಿಲ್ಲ. ಒಂದು ಬೆಳಿಗ್ಗೆ ಆಕೆಯೇ ಕನ್ನಡಕ ಏರಿಸಿ, ತಾನು ಕೂರುವ ಕುರ್ಚಿಗೆ ಫೋಕಸ್ ಹಿಡಿದು, ಕ್ಯಾಮೆರಾವನ್ನು ತುಂಬಿದ ಲೋಟದಂತೆ ನನ್ನ ಕೈಗಿತ್ತು ಹೋಗಿ ಕುಳಿತಳು. ಟಿವಿಯಲ್ಲಿ ಹಿಂದಿನ ಗೋಡೆಯ ಕ್ಯಾಲೆಂಡರು ಸ್ಪಷ್ಟವಾಗಿತ್ತು. ಮುಂದೆ ಆಕೆಯಿದ್ದ ಜಾಗದಲ್ಲಿ ಬರೀ ಮಸುಕು.

“ಬಿಡಿ, ನಾನೇನು ಓಡಿಹೋಗ್ತೀನಾ,” ಎಂದಳು. ಆಮೇಲೆ ನಾವು ಪ್ರಯತ್ನಿಸಿಲ್ಲ.

ಆ ಅಂಗಡಿಯವರನ್ನು ಕೇಳುತ್ತೇನೆ: ಒಂದೇ ಆಳದ, ಒಂದೇ ಅಗಲದ ಮೂರು ಗೀರುಗಳನ್ನು ಕಂಡಾಗ, ಇದನ್ನು ಯಾರೋ ಬೇಕೆಂದೇ ಕೊರೆದಿರಬೇಕು, ಎಸೆಯುವ ಮೊದಲು ಒಂದು ಮಾತು ಕೇಳೋಣ ಎಂದು ನಿಮ್ಮಲ್ಲಿ ಒಬ್ಬರಿಗೂ ಯಾಕೆ ಅನ್ನಿಸಲಿಲ್ಲ?