ಕಮಲಾಪುರದಲ್ಲಿ ಕಿವಿ ಚುಚ್ಚುವ ದಿನ

ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಕಲಿಸುವ ಪಂಚಶೀಲಾ, ರಕ್ತ ಹೆಪ್ಪುಗಟ್ಟುವ ಬಗೆಯನ್ನೇ ಸಂಶೋಧಿಸಿ ಡಾಕ್ಟರೇಟ್ ಪಡೆದವಳು. ಆ ವಿಷಯವೇ ಏಕೆಂದು ಕೇಳಿದವರಿಗೆ ನಕ್ಕು ಬೇರೆ ಮಾತು ತೆಗೆಯುತ್ತಿದ್ದಳು. ಅವಳು ಚಿಕ್ಕವಳಿದ್ದಾಗ ಬ್ರಹ್ಮಪುರದ ಮನೆಯಲ್ಲಿ ತಮ್ಮ ಅಜಿತನ ಹಾಲುಹಲ್ಲು ಬಿತ್ತು, ರಕ್ತ ನಿಲ್ಲಲಿಲ್ಲ. ಅರಿಶಿನ ಒತ್ತಿದರು, ಚಹಾಪುಡಿ ಒತ್ತಿದರು. ಹುಡುಗ ಉಳಿಯಲಿಲ್ಲ. ದೃಷ್ಟಿ ತಾಗಿತೆಂದರು ಹಿರಿಯರು. ಅದು ತಾಯಿಯಿಂದ ಗಂಡುಮಕ್ಕಳಿಗೆ ಇಳಿದು ಬರುವ ರೋಗವೆಂದು ಅವಳಿಗೆ ತಿಳಿದದ್ದು ಕಾಲೇಜಿನ ಪಾಠದಲ್ಲಿ. ಅಂದು ಅಳಲಿಲ್ಲ. ಟಿಪ್ಪಣಿ ಬರೆದುಕೊಂಡಳು.

ಕಮಲಾಪುರಕ್ಕೆ ಕೊಟ್ಟ ತಂಗಿ ರಮಾಬಾಯಿಗೆ ಮಗ ಕಪಿಲ ಹುಟ್ಟಿದಾಗ ರಕ್ತಪರೀಕ್ಷೆ ಮಾಡಿಸೆಂದು ಹೇಳಿದ್ದಳು. ಕೂಸು ಚೆನ್ನಾಗಿದೆಯೆಂದು ತಂಗಿ ಮಾತು ತೇಲಿಸಿದಳು. ಈಗ ಕಿವಿ ಚುಚ್ಚುವ ಕರೆ ಬಂತು. ಪಂಚಶೀಲಾ ಪ್ರಯೋಗಾಲಯದ ಗಾಜಿನ ನಳಿಕೆಯೊಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು.

ತಂಗಿಯ ಮನೆಯ ಅಂಗಳದಲ್ಲಿ ಕಿವಿ ಚುಚ್ಚುವ ಅಕ್ಕಸಾಲಿಗ ಪತ್ತಾರ ಚಿನ್ನದ ತಂತಿ ಹಿಡಿದು ಕೂತಿದ್ದ. ಮೊದಲು ಪರೀಕ್ಷೆಯಾಗಲಿ ಎಂದಾಗ ತಂಗಿಯ ಅತ್ತೆ ಶೇವಂತಾ ಮುಖ ಊದಿಸಿಕೊಂಡಳು. ಕೊನೆಗೆ ರಮಾಬಾಯಿಯೇ ಕೂಸನ್ನು ಮುಂದೆ ತಂದಳು. ಪಕ್ಕದ ಮನೆಯ ನರ್ಸ್ ಅಫ್ರೀನ್ ಸಣ್ಣ ಸೂಜಿಯಿಂದ ತೋಳಿನ ರಕ್ತ ತೆಗೆದು ನಳಿಕೆಗೆ ಬಿಟ್ಟು, ಹತ್ತಿಯನ್ನು ಒತ್ತಿ ಹಿಡಿದಳು.

ಪಂಚಶೀಲಾ ನಳಿಕೆಯನ್ನು ಅಂಗೈಯ ಶಾಖದಲ್ಲಿಟ್ಟು, ಆಗಾಗ ವಾರೆ ಮಾಡಿ ನೋಡತೊಡಗಿದಳು. ಆರೋಗ್ಯವಂತರ ರಕ್ತ ಸ್ವಲ್ಪ ಹೊತ್ತಿನಲ್ಲಿ ಗಟ್ಟಿಯಾಗಿ ಗಾಜಿಗೆ ಅಂಟಬೇಕು. ವರ್ಷವರ್ಷವೂ ವಿದ್ಯಾರ್ಥಿಗಳಿಗೆ ತೋರಿಸಿದ ಪಾಠ.

“ಪ್ರೊಫೆಸರ್ ಬಾಯಾರ, ಮೊಸರ ಕಾಯೂವಂಗ ಕುಂತೀರಲ್ಲ. ಪತ್ತಾರಗ ಬ್ಯಾರೆ ಮನಿಗಿ ಹೋಗೂದದ,” ಎಂದಳು ಶೇವಂತಾ.

ಯಾರೋ ನಕ್ಕರು. ಪತ್ತಾರ ಚಹಾ ಮುಗಿಸಿ ಕಪ್ಪು ಕೆಳಗಿಟ್ಟ. ತಟ್ಟೆಯ ಕೆಂಪು ಬಾಳೆಹಣ್ಣಿಗೆ ನೊಣ ಮುತ್ತಿದವು. ನಳಿಕೆ ವಾರೆಯಾದಾಗಲೆಲ್ಲ ರಕ್ತ ನೀರಿನಂತೆ ಹರಿಯಿತು. ಪಂಚಶೀಲಾ ತರಗತಿಯಲ್ಲಿ ಹೇಳುವ ಹಾಗೆಯೇ ‘ಇನ್ನೂ ಆಗಿಲ್ಲ’ ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಬಿಸಿಲು ಕಟ್ಟೆಯಿಂದ ಕೆಳಗಿಳಿಯಿತು. ಇನ್ನೂ ಆಗಿರಲಿಲ್ಲ.

“ರಮಾ, ಕಿವಿ ಚುಚ್ಚಸಬ್ಯಾಡ. ನಮ್ಮ ಅಜಿತಗ ಇದ್ದದ್ದೇ ಇವಗೂ ಇದ್ದಂಗದ.”

ರಮಾಬಾಯಿ ಕೂಸಿನ ಕಿವಿ ಮುಟ್ಟಿದಳು. “ಉಳೀತಾನೇನಕ್ಕಾ?”

“ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಔಷಧ ಅದ. ನಾಳೆ ಕಲಬುರಗಿಗಿ ಕರಕೊಂಡು ಬಾ, ದೊಡ್ಡ ದವಾಖಾನಿಯಾಗ ಖಾತ್ರಿ ಮಾಡ್ಕೊಳ್ಳೂಣು.”

ಶೇವಂತಾ ಪತ್ತಾರನಿಗೆ ಹೋಗೆಂದು ಕೈಸನ್ನೆ ಮಾಡಿದಳು. ಆಮೇಲೆ ಅಫ್ರೀನಳ ಪಕ್ಕಕ್ಕೆ ಬಂದು ಕೂತು, ಮೊಮ್ಮಗನ ತೋಳಿನ ಮೇಲಿನ ಹತ್ತಿಯನ್ನು ತಾನೇ ಹಿಡಿದುಕೊಂಡಳು.

“ಎಲ್ಲೀತನ ಒತ್ತಬೇಕ್ರೀ?” ಎಂದಳು, ಮುಖ ಎತ್ತದೆ.

“ನಾ ಹೇಳೂತನ,” ಎಂದಳು ಪಂಚಶೀಲಾ.

ಆಮೇಲೆ ಬಚ್ಚಲಿಗೆ ಹೋಗಿ ನಳಿಕೆ ತೊಳೆದಳು. ವಿದ್ಯಾರ್ಥಿಗಳ ನಳಿಕೆಗಳನ್ನು ಬ್ರಷ್ ಹಾಕಿ ತಿಕ್ಕಬೇಕಾಗುತ್ತಿತ್ತು. ಇದು ಒಂದೇ ನೀರಿಗೆ ಸ್ವಚ್ಛವಾಯಿತು.