ಕಕ್ಕಿಸಬೇಕೋ ಬೇಡವೋ

ನನ್ನ ಗಂಡ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಮನೆಯ ನಾಯಿಯನ್ನು "ರಾಣಿ" ಎಂದು ಕರೆಯುತ್ತಿದ್ದರು, ನನ್ನನ್ನು "ಏ ಇವಳೇ" ಎನ್ನುತ್ತಿದ್ದರು. ಯಾರಾದರೂ ವಿಷ ತಿಂದ ನಾಯಿಯನ್ನು ಎತ್ತಿಕೊಂಡು ಬಂದರೆ, "ಏನು ತಿಂತು? ಯಾವಾಗ ತಿಂತು? ಎಚ್ಚರ ಇದೆಯಾ?" ಎಂದು ಬಿಡದೆ ಕೇಳುತ್ತಿದ್ದರು. ಊಟ ಆಯಿತಾ ಎಂದು ನನ್ನನ್ನು ಒಮ್ಮೆಯೂ ಕೇಳಿದವರಲ್ಲ. ಆ ರಾಣಿಯ ಮೇಲೆ ನನಗೆ ಸವತಿಯ ಮೇಲಿನಷ್ಟೇ ಹೊಟ್ಟೆಕಿಚ್ಚು ಇತ್ತು. ಅವರು ಸತ್ತ ಮೇಲೂ ಅದು ಆರಲಿಲ್ಲ.

ಮೊನ್ನೆ ರಾಣಿ ಬಚ್ಚಲು ತೊಳೆಯುವ ಆಸಿಡ್ ನೆಕ್ಕಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಪಕ್ಕದ ಮನೆಯಾಕೆ ಉಪ್ಪುನೀರಿನ ಚೊಂಬು ಹಿಡಿದು ಓಡಿ ಬಂದಳು.

"ಕುಡ್ಸು ಅಕ್ಕಾ, ಎಲ್ಲಾ ಕಕ್ಕಿಬಿಡುತ್ತೆ."

"ಬೇಡ ಕಣೇ. ಆಸಿಡ್ ಒಳಗೆ ಹೋಗ್ತಾ ಒಂದ್ಸಲ ಸುಟ್ಟಿದೆ, ಕಕ್ಕಿದ್ರೆ ಬರ್ತಾ ಇನ್ನೊಂದ್ಸಲ ಸುಡುತ್ತೆ. ಉಪ್ಪುನೀರಂತೂ ಯಾವತ್ತೂ ಕೂಡದು ಅಂತಿದ್ರು ಅವರು. ಕಕ್ಕಿಸೋದೋ ಬಿಡೋದೋ ಡಾಕ್ಟ್ರೇ ಹೇಳ್ಬೇಕು."

"ಸವತಿ ಸವತಿ ಅಂತ ಬೈತಿದ್ದೆ, ಈಗ ನೋಡು!"

"ಬಾಯ್ ಮುಚ್ಕೊಂಡು ಗಾಡಿ ಕರಿ."

ಡಾಕ್ಟರು ಅದರ ಬಾಯಿ ತೊಳೆದು ಔಷಧಿ ಕೊಟ್ಟರು. "ಕಕ್ಕಿಸದೆ ತಂದಿದ್ದು ಒಳ್ಳೇದಾಯ್ತಮ್ಮಾ, ಬದುಕುತ್ತೆ" ಎಂದರು.

ಮನೆಗೆ ಬಂದ ಕೂಡಲೇ ರಾಣಿ ನನ್ನ ಕಡೆ ತಿರುಗಿಯೂ ನೋಡದೆ ನನ್ನ ಗಂಡ ಕೂರುತ್ತಿದ್ದ ಕುರ್ಚಿಯ ಪಕ್ಕ ಹೋಗಿ ಮಲಗಿತು. ಉಳಿಸಿದ್ದು ನಾನು, ಅದು ಕಾಯುವುದು ಅವರನ್ನು. ನಾನೂ ಹೋಗಿ ಕುರ್ಚಿಯ ಇನ್ನೊಂದು ಪಕ್ಕ ನೆಲದ ಮೇಲೆ ಕೂತೆ. ಆ ಜಾಗವನ್ನು ಅದೊಂದಕ್ಕೇ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.