ನಾಲ್ಕನೇ ಸೀಟು ಮತ್ತು ಕತ್ತರಿಸಿದ ಅಂಚು

ಮೂವರು ಕೂರಲೆಂದು ಮಾಡಿದ ಬೆಂಚಿನಲ್ಲಿ ನಾಲ್ವರು ಕೂರಬಹುದೆಂದು ಮೊಟ್ಟಮೊದಲು ಕಂಡುಹಿಡಿದ ಪುಣ್ಯಾತ್ಮ ಯಾರೆಂದು ನನಗೆ ತಿಳಿಯದು. ಆದರೆ ಡೊಂಬಿವಲಿಯಿಂದ ಥಾಣೆಗೆ ಇಪ್ಪತ್ತೈದು ವರ್ಷ ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಓಡಾಡಿದ ನಾನು ಅವನಿಗೆ ಮನಸ್ಸಿನಲ್ಲೇ ಅನೇಕ ಸಲ ಕೈಮುಗಿದಿದ್ದೇನೆ. 'ಚೌಥಿ ಸೀಟ್' ಎಂದು ಕರೆಸಿಕೊಳ್ಳುವ ಈ ಆಸನಕ್ಕೆ ರೈಲ್ವೆಯ ಮಾನ್ಯತೆ ಇಲ್ಲದಿದ್ದರೂ ಸಮಾಜದ ಮಾನ್ಯತೆಯಿದೆ. ನೀವು ಬೆಂಚಿನ ಪಕ್ಕ ನಿಂತು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಕುಳಿತ ಮೂವರೂ ನಿಮ್ಮ ಮುಖ ನೋಡದೆಯೇ ಒಂದೊಂದು ಅಂಗುಲ ಒಳಗೆ ಸರಿಯುತ್ತಾರೆ. ಹಾಗೆ ಒದಗಿದ ಮೂರಂಗುಲದ ಸಾಮ್ರಾಜ್ಯದಲ್ಲಿ ನಿಮ್ಮ ದೇಹದ ಅರ್ಧಭಾಗ ಬೆಂಚಿನ ಮೇಲೂ ಉಳಿದರ್ಧ ದೈವಾಧೀನವಾಗಿಯೂ ಪ್ರತಿಷ್ಠಾಪನೆಗೊಳ್ಳುತ್ತದೆ. ನನ್ನ ಉದ್ಯೋಗಪರ್ವವೆಲ್ಲ ಹೀಗೆ ಅಂಚಿನಲ್ಲಿಯೇ ಕಳೆಯಿತು.

ಬೆಂಚಿನ ಅಂಚಿನ ಬಗ್ಗೆ ಇಷ್ಟು ಕೃತಜ್ಞನಾದ ನಾನು ಪುಸ್ತಕದ ಅಂಚಿನ ವಿಷಯದಲ್ಲಿ ಮಾತ್ರ ಮಹಾ ಕಠೋರನಾಗಿದ್ದೆ. ಹಗಲು ಥಾಣೆಯ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್, ಸಂಜೆ ನಮ್ಮ ಕನ್ನಡ ಸಂಘದ ಎರಡು ಕಪಾಟಿನ ಲೈಬ್ರರಿಗೆ ಗೌರವ ಗ್ರಂಥಪಾಲ. ಗೌರವ ಎಂದರೆ ಸಂಬಳವಿಲ್ಲ ಎಂದಷ್ಟೇ ಅರ್ಥ, ಉಳಿದ ಗೌರವವೂ ಇರಲಿಲ್ಲ. ಕಾದಂಬರಿಯ ಇಪ್ಪತ್ತನೇ ಪುಟದ ಅಂಚಿನಲ್ಲಿ 'ಇವನೇ ಕೊಲೆಗಾರ' ಎಂದು ಪೆನ್ನಿನಲ್ಲಿ ಬರೆದು ಹಿಂದಿರುಗಿಸುವ ಪರೋಪಕಾರಿ ಓದುಗರೊಂದಿಗೆ ನಾನು ಮಾಡಿದ ಯುದ್ಧಗಳಿಗೆ ಲೆಕ್ಕವಿಲ್ಲ. ಖಾಲಿ ಅಂಚು ಎನ್ನುವುದು ಪುಸ್ತಕದ ಮರ್ಯಾದೆ, ಅದರ ಮೇಲೆ ಗೀಚುವವನು ಊಟದೆಲೆಯ ಮೇಲೆ ಕಾಲಿಡುವವನಿಗೆ ಸಮಾನ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಇದರ ಜೊತೆಗೆ ಇನ್ನೊಂದು ವ್ಯಸನವೂ ಇತ್ತು: ಬೈಂಡಿಂಗ್. ಇದು ವಂಶಪಾರಂಪರ್ಯವಾಗಿ ಬಂದದ್ದು. ಅಪ್ಪ ಕಲ್ಯಾಣದ ಒಂದು ಉಡುಪಿ ಹೋಟೆಲಿನಲ್ಲಿದ್ದಾಗ ಅಲ್ಲಿಗೆ ಬರುತ್ತಿದ್ದ ವಾರಪತ್ರಿಕೆ ಹತ್ತು ಕೈ ದಾಟಿ, ಚಟ್ನಿಯ ಕಲೆ ಹೊತ್ತು ವಠಾರದಂಥ ಚಾಳಿನಲ್ಲಿದ್ದ ನಮ್ಮ ಮನೆಗೆ ತಲುಪುತ್ತಿತ್ತು. ಅಮ್ಮ ಅದರಲ್ಲಿನ ಧಾರಾವಾಹಿಯ ಹಾಳೆಗಳನ್ನಷ್ಟೇ ಬಿಡಿಸಿ, ವರ್ಷ ತುಂಬಿದ ಮೇಲೆ ಕೌದಿ ಹೊಲಿಯುವ ಸೂಜಿಯಿಂದ ಹೊಲಿದು ಪುಸ್ತಕ ಮಾಡುತ್ತಿದ್ದಳು. ಒಂದು ಧಾರಾವಾಹಿಯಲ್ಲಿ ಅತ್ತೆಯ ಪಾತ್ರಕ್ಕೆ ಕಾಯಿಲೆ ಬಂತು. ಓದಲು ಬಲ್ಲ, ಆದರೆ ಬರೆಯಲು ಕೈಬಾರದ ಅಮ್ಮ ನನ್ನನ್ನು ಕೂರಿಸಿ ಲೇಖಕರಿಗೊಂದು ಕಾರ್ಡು ಬರೆಸಿದಳು: 'ದಯವಿಟ್ಟು ಆ ಅತ್ತೆಯನ್ನು ಸಾಯಿಸಬೇಡಿ, ಆಕೆ ಒಳ್ಳೆಯವಳು.' ಮುಂದಿನ ತಿಂಗಳಲ್ಲೇ ಅತ್ತೆ ತೀರಿಕೊಂಡಳು. ಅಂದು ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ. ಅಂಥ ಅಮ್ಮನ ಮಗನಾದ ನಾನು ಬಿಡಿ ಹಾಳೆ ಕಂಡಲ್ಲಿ ಸುಮ್ಮನಿರುವುದು ಹೇಗೆ? "ನಿಮ್ಮ ಕೈಗೆ ಸಿಕ್ಕಿದರೆ ಹಪ್ಪಳಕ್ಕೂ ಬೈಂಡ್ ಹಾಕಿಸ್ತೀರಿ ಮಾರಾಯ್ರೆ" ಎಂದು ನನ್ನ ಹೆಂಡತಿ ಸುಮತಿ ಹೇಳುತ್ತಿದ್ದದ್ದರಲ್ಲಿ ಉತ್ಪ್ರೇಕ್ಷೆ ಹೆಚ್ಚೇನೂ ಇರಲಿಲ್ಲ.

ಎರಡು ಸಾವಿರದ ಎಂಟೋ ಒಂಬತ್ತೋ ಇಸವಿ. ನಮ್ಮ ಒಬ್ಬಳೇ ಮಗಳು ಸ್ವಾತಿ ಥಾಣೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಮಾತು ಬಹಳ ಕಡಿಮೆ. ನಾನು ಕನ್ನಡದಲ್ಲಿ ಒಂದು ವಾಕ್ಯ ಕೇಳಿದರೆ ಅವಳು ಹಿಂದಿಯಲ್ಲಿ ಒಂದು ಪದ ಹಿಂದಿರುಗಿಸುವಳು. ಚಿಕ್ಕವಳಿದ್ದಾಗ ಸ್ಲೇಟಿನ ಮೇಲೆ ನಾನೇ ಕನ್ನಡ ಅಕ್ಷರ ತಿದ್ದಿಸಿದ್ದೆ. ಅದೆಲ್ಲ ಮಳೆಗಾಲದ ಹಳಿಯ ಹಾಗೆ ಎಲ್ಲೋ ಮುಳುಗಿರಬೇಕೆಂದುಕೊಂಡು ಸುಮ್ಮನಾಗಿದ್ದೆ. ಆ ಮೌನಿಯ ಚೀಲದಿಂದ ಒಂದು ದಿನ ಹೊರಬಿತ್ತು, ಕ್ಲಿಪ್ಪು ಹಾಕಿದ ಇನ್ನೂರು ಹಾಳೆಗಳ ದಪ್ಪ ಕಟ್ಟು. ಜಪಾನಿನ ಚಿತ್ರಕಥೆ, ಅದಕ್ಕೆ ಮಾಂಗಾ ಎನ್ನುತ್ತಾರಂತೆ. ಯಾರೋ ಅಭಿಮಾನಿಗಳು ಇಂಗ್ಲಿಷಿಗೆ ತಂದು ಇಂಟರ್ನೆಟ್ಟಿನಲ್ಲಿ ಹಾಕಿದ್ದನ್ನು ಥಾಣೆಯ ಕೋಪರಿಯ ಸೈಬರ್ ಕೆಫೆಯಲ್ಲಿ ಹಾಳೆಯ ಎರಡೂ ಬದಿಗೆ ಪ್ರಿಂಟು ತೆಗೆಸಿದ್ದರು. ಇರುವುದೊಂದೇ ಪ್ರತಿ, ಓದುಗರು ಮೂವರು: ನಮ್ಮ ಸ್ವಾತಿ, ಅವಳ ಕಾಲೇಜಿನ ಗೆಳೆಯರಾದ ಕೋಪರಿಯ ಓಂಕಾರ್ ಎಂಬ ಮರಾಠಿ ಹುಡುಗ, ಖಾರಘರದ ನೇಹಾ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ ಇದ್ದು, ಆ ಹಾಳೆಗಳ ಕಿವಿಗಳೆಲ್ಲ ಮಡಿಚಿ ಹೋಗಿದ್ದವು. ಅಂಚುಗಳಲ್ಲಂತೂ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಹಸಿರು ಪೆನ್ನು, ನೀಲಿ ಪೆನ್ನು, ಪೆನ್ಸಿಲು. ಗ್ರಂಥಪಾಲನ ರಕ್ತ ಕುದಿಯಲು ಇನ್ನೇನು ಬೇಕು?

ಮಗಳ ಮೇಲಿನ ಮಮತೆಯೂ ಗೀಚಾಟದ ಮೇಲಿನ ದ್ವೇಷವೂ ಏಕಕಾಲದಲ್ಲಿ ಉಕ್ಕಿದ್ದೇ ನನ್ನ ಅನರ್ಥಕ್ಕೆ ಮೂಲ. ಅವಳು ಪರೀಕ್ಷೆಯಲ್ಲಿ ಮುಳುಗಿದ್ದ ವಾರ, ಅವಳಿಗೆ ತಿಳಿಸದೆ ಕಟ್ಟನ್ನು ಶರಣಪ್ಪನ ಬಳಿ ಒಯ್ದೆ. ಶರಣಪ್ಪ ವಿಜಾಪುರದ ಕಡೆಯವನು, ಸ್ಟೇಷನ್ನಿನ ಪೂರ್ವಕ್ಕೆ ಒಂದು ಗಲ್ಲಿಯಲ್ಲಿ ಬೈಂಡಿಂಗ್ ಅಂಗಡಿ ಇಟ್ಟವನು, ನಮ್ಮ ಲೈಬ್ರರಿಯ ಆಸ್ಥಾನ ವೈದ್ಯ. "ಶರಣಪ್ಪ, ಕ್ಯಾಲಿಕೋ ಬಟ್ಟೆ ಹಾಕಿ, ಬೆನ್ನ ಮೇಲೆ ಚಿನ್ನದ ಅಕ್ಷರದಲ್ಲಿ ನನ್ನ ಮಗಳ ಹೆಸರು ಒತ್ತು. ಅಂಚಿನ ಈ ಗೀಚಾಟವೆಲ್ಲ ಹೋಗುವಷ್ಟು ಚೆನ್ನಾಗಿ ಕತ್ತರಿಸು" ಎಂದೆ. ಎರಡನೆಯ ವಾಕ್ಯವನ್ನು ನಾನೇ ಹೇಳಿದೆ. ಯಾರ ಮೇಲೂ ಹೊರಿಸುವಂತಿಲ್ಲ.

ಮೂರನೇ ದಿನ ಪುಸ್ತಕ ಕೈಗೆ ಬಂತು, ಮದುಮಗನಂತೆ. "ಏನ್ರಿ ಸರ, ಯಾರ್ ಜೋಡ್ಸಿದ್ರಿ ಇವನ್ನ? ಪೂರಾ ಉಲ್ಟಾ ಇದ್ವು, ಕ್ಲಿಪ್ಪು ಬಲಕ್ಕ ಹಾಕಿದ್ರು. ನಾ ಎಲ್ಲಾ ಸುದ್ದ ಮಾಡೀನಿ, ನಮ್ಮ ಕನ್ನಡ ಪುಸ್ತಕದಂಗ" ಎಂದು ಶರಣಪ್ಪ ಹೆಮ್ಮೆಯಿಂದ ಹೇಳಿದ. ನಾನೂ ಹೆಮ್ಮೆಯಿಂದ ತಲೆದೂಗಿದೆ.

ಭಾನುವಾರ ಬೆಳಿಗ್ಗೆ ಓಂಕಾರ್ ತನ್ನ ಸರದಿಯ ಕಟ್ಟನ್ನು ಒಯ್ಯಲು ಮನೆಗೆ ಬಂದ. ಸ್ವಾತಿ ಚೀಲ ತಡಕಾಡುವ ಹೊತ್ತಿಗೆ ನಾನು ಒಳಗಿನಿಂದ ಆ ಕೆಂಪು ಬೈಂಡನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಶಸ್ತಿ ಪ್ರದಾನ ಮಾಡುವ ಗಾಂಭೀರ್ಯದಿಂದ ಮುಂದೆ ಚಾಚಿದೆ. ಅವಳ ಮುಖ ಒಂದು ಕ್ಷಣ ಅರಳಿತು, ಅದನ್ನು ನಾನು ಕಂಡೆ. ಆಮೇಲೆ ಅವಳು ಪುಸ್ತಕ ತೆರೆದಳು. ಜಪಾನೀಯರು ಬಲದಿಂದ ಎಡಕ್ಕೆ ಓದುವವರು. ಅವರ ಪುಸ್ತಕದ ಬೆನ್ನು ಬಲಕ್ಕಿರಬೇಕು. ಎರಡು ಪುಟಕ್ಕೆ ಹರಡಿದ್ದ ಒಂದು ಹಡಗಿನ ಮೂತಿ ಈಗ ಬಾಲದ ಹಿಂದೆ ನಿಂತಿತ್ತು. ಅದನ್ನು ನೋಡಿ ಅವಳು ನಕ್ಕಿದ್ದರೂ ನಗಬಹುದಿತ್ತು. ಆದರೆ ಅವಳ ಬೆರಳು ಹುಡುಕುತ್ತಿದ್ದದ್ದು ಅಂಚನ್ನು. ಒಂದು ಬದಿಯದನ್ನು ಹೊಲಿಗೆ ನುಂಗಿತ್ತು, ಮಿಕ್ಕ ಮೂರು ಬದಿಯದನ್ನು ಶರಣಪ್ಪನ ಕಟಿಂಗ್ ಮಷೀನು.

"ಸಬ್ ಗಯಾ" ಎಂದಳು, ಎಲ್ಲ ಹೋಯಿತು ಎಂದು. ಅಷ್ಟೇ. ಪುಸ್ತಕವನ್ನು ಮೆಲ್ಲಗೆ ಟೀಪಾಯಿಯ ಮೇಲಿಟ್ಟು ಒಳಗೆ ಹೋದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೆಟ್ಟಿಲಿಳಿಯುತ್ತಿದ್ದ ಓಂಕಾರನನ್ನು ಹಿಂಬಾಲಿಸಿ, ಆ ಗೀಚಾಟದಲ್ಲಿ ಅಂಥದ್ದೇನಿತ್ತಪ್ಪ ಎಂದು ಕೇಳಿದೆ. ಅವನು ಪಾಪ, ನನ್ನ ಮೇಲೆಯೇ ಕನಿಕರಪಟ್ಟ. "ಅಂಕಲ್, ಹಮಾರಾ ಪೂರಾ ಡಿಸ್ಕಶನ್ ಉಧರಿಚ್ ಥಾ. ಸ್ವಾತಿ ಬೋಲ್ತೀ ನಹೀ ನಾ, ಗ್ರೂಪ್ ಮೇ ಭೀ ನಹೀ. ಸಿರ್ಫ್ ಲಿಖ್ತೀ ಹೈ."

ಗೆಳೆಯರ ನಡುವೆಯೂ ಬಾಯಿಬಿಡದ ಅವಳು ಅಲ್ಲಿ ಬರೆಯುತ್ತಿದ್ದಳಷ್ಟೇ ಎಂಬ ಮಾತನ್ನು ಹೊತ್ತು ಮೆಟ್ಟಿಲು ಹತ್ತಿ ಮನೆಗೆ ಬಂದೆ. ನನ್ನ ಮಗಳು ಮಾತಾಡುತ್ತಿದ್ದ ಏಕೈಕ ಜಾಗವನ್ನು ನಾನು ಬಲಿಯ ಕುರಿಯ ಹಾಗೆ ಹಣೆಗೆ ಕುಂಕುಮ ಹಚ್ಚಿ ಕತ್ತರಿಸಿ ಹಾಕಿಸಿದ್ದೆ. ಸುಮತಿ ಬೈಯಲಿಲ್ಲ, ಕಾಫಿ ಕೊಡುತ್ತ ಕೇಳಿದಳು: "ಅವಳು ನಿಮ್ಮ ಹತ್ರ ಕೇಳಿದ್ಲಾ? ಇಲ್ಲ ಅಲ್ವಾ? ಮತ್ತೆ ಎಂತಕ್ಕೆ ಮಾಡ್ಲಿಕ್ಕೆ ಹೋದದ್ದು?" ಜೀವಮಾನದಲ್ಲಿ ಈ ಪ್ರಶ್ನೆಯನ್ನು ನನಗೆ ಮುಂಚೆಯೇ ಯಾರಾದರೂ ಕೇಳಬೇಕಿತ್ತು.

ಕಾಫಿ ಅರ್ಧಕ್ಕೆ ಬಿಟ್ಟು, ಬೈಂಡನ್ನು ಕಂಕುಳಲ್ಲಿಟ್ಟು ಶರಣಪ್ಪನ ಅಂಗಡಿಗೆ ಓಡಿದೆ. ಭಾನುವಾರವಾದರೂ ಬಾಗಿಲು ತೆರೆದಿತ್ತು. ಕತ್ತರಿಸಿದ ಕಾಗದದ ಪಟ್ಟಿಗಳನ್ನು ಅವನು ಗೋಣಿಚೀಲದಲ್ಲಿ ತುಂಬಿಡುತ್ತಿದ್ದ. ಕಾಗದದ ಗಣಪತಿ ಮಾಡುವವರು ಬಂದು ಒಯ್ಯುತ್ತಿದ್ದರು. ನನ್ನ ಕಥೆ ಕೇಳಿ ಅವನು ಚೀಲವನ್ನು ನೆಲಕ್ಕೆ ಸುರಿದ. "ಇನ್ನ ಎರಡ ದಿನಾ ತಡಾ ಮಾಡಿದ್ರ ಗಣಪ್ಪನ ಹೊಟ್ಟ್ಯಾಗ ಇರ್ತಿದ್ವು ನೋಡ್ರಿ" ಎಂದು ತಾನೂ ನನ್ನೆದುರು ಕುಕ್ಕರುಗಾಲಲ್ಲಿ ಕುಳಿತ. ಯಾರದೋ ಶಾಲೆಯ ನೋಟುಬುಕ್ಕಿನ, ಯಾರದೋ ಲಗ್ನಪತ್ರಿಕೆಯ ಪಟ್ಟಿಗಳ ನಡುವಿನಿಂದ ಹಸಿರು, ನೀಲಿ, ಪೆನ್ಸಿಲು ಕಂಡದ್ದನ್ನೆಲ್ಲ ಹೆಕ್ಕಿದೆವು. ಮಧ್ಯಾಹ್ನದ ಹೊತ್ತಿಗೆ ಒಂದು ಬಿಸ್ಕತ್ತಿನ ಡಬ್ಬಿ ತುಂಬಿತು. ಬೈಂಡನ್ನು ಬಿಚ್ಚಿ ಹಾಳೆಗಳನ್ನೂ ಅವನೇ ಬಿಡಿಸಿಕೊಟ್ಟ.

ಇನ್ನು ಯಾವ ಪಟ್ಟಿ ಯಾವ ಪುಟಕ್ಕೆ ಎಂದು ತಿಳಿಯಬೇಕಾದರೆ ಇರುವುದೊಂದೇ ದಾರಿ, ಕಥೆಯನ್ನು ಓದುವುದು. ಹೀಗೆ ಐವತ್ತೆರಡನೆಯ ವಯಸ್ಸಿನಲ್ಲಿ, ಎರಡು ವಾರಗಳ ಸಂಜೆಗಳಲ್ಲಿ, ನಾನು ಬಲದಿಂದ ಎಡಕ್ಕೆ ಅಕ್ಷರಾಭ್ಯಾಸ ಮಾಡಿದೆ. ಬಂದರಿನ ಊರೊಂದರಲ್ಲಿ ಕೊಡೆ ರಿಪೇರಿಯ ಅಂಗಡಿ ಇಟ್ಟ ಅಜ್ಜ, ಮೊಮ್ಮಗಳು. ಅಜ್ಜನಿಗೆ ಕೆಮ್ಮು ಶುರುವಾಗಿದೆ. ಅಷ್ಟಕ್ಕೆ ಕಥೆ ನಿಂತಿತ್ತು. ಏಕೆ ನಿಂತಿತೆಂಬುದನ್ನು ಪಟ್ಟಿಗಳೇ ಹೇಳಿದವು: ಚಿತ್ರ ಬರೆಯುವಾಕೆಗೆ ಮಣಿಕಟ್ಟಿನ ನೋವು, ರಜೆಯಲ್ಲಿದ್ದಾಳೆ. ಅವಳ ಗೆರೆ ಕಳೆದ ಅಧ್ಯಾಯದಿಂದಲೇ ನಡುಗುತ್ತಿತ್ತೆಂದು ನೇಹಾ ಪೆನ್ಸಿಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಳು. ಚೌಕಟ್ಟಿನ ಕಪ್ಪು ದಪ್ಪವಾಗುತ್ತಿದೆ, ಆದ್ದರಿಂದ ಅಜ್ಜ ಸಾಯುವುದು ಖಚಿತವೆಂದು ಓಂಕಾರನ ಹಸಿರು ಮರಾಠಿ. ಅದರ ಕೆಳಗೆ, ಪುಟದಿಂದ ಪುಟಕ್ಕೆ ಹೆಚ್ಚು ಒತ್ತಿ ಬರೆದ ನೀಲಿ ಹಿಂದಿ: ನಹೀ ಮರೇಗಾ. ನಹೀ ಮರೇಗಾ. ಅಜ್ಜ ಬದುಕಲು ಏನೇನು ಕಾರಣಗಳಿವೆಯೆಂದು ನನ್ನ ಮಗಳು ಮಾಡಿದ ವಾದ ನೋಡಿ ಬೆರಗಾದೆ. ಮನೆಯಲ್ಲಿ ಉಪ್ಪು ಬೇಕೆಂದು ಕೇಳಲೂ ಬೆರಳು ತೋರಿಸುವ ಹುಡುಗಿ ಇಲ್ಲಿ ವಕೀಲೆಯಾಗಿದ್ದಳು, ಹಾಸ್ಯ ಮಾಡುತ್ತಿದ್ದಳು, ಒಂದು ಕಡೆ ಜಗಳವಾಡಿ ಮುಂದಿನ ಪುಟದಲ್ಲಿ ಸಾರಿ ಎಂದಿದ್ದಳು. ಅಮ್ಮ ಇದ್ದಿದ್ದರೆ ಇವಳನ್ನೇ ಕೂರಿಸಿ ಕಾರ್ಡು ಬರೆಸುತ್ತಿದ್ದಳು.

ಕೊನೆಗೆ ಒಂದು ಪಟ್ಟಿ ಉಳಿಯಿತು. ಅದರ ಮೇಲಿದ್ದದ್ದು ಕನ್ನಡ ಅಕ್ಷರ. ಒತ್ತಕ್ಷರ ಕೊಂಚ ಜಾರಿದ್ದರೂ ಸ್ಲೇಟಿನ ಮೇಲೆ ನಾನು ತಿದ್ದಿಸಿದ್ದ ಅದೇ ದುಂಡು: 'ಸೇಮ್ ಟು ಸೇಮ್ ಪಪ್ಪ.' ಗೆಳೆಯರಿಗೆ ಓದಲು ಬಾರದಿರಲೆಂದು ಕನ್ನಡದಲ್ಲಿ ಬರೆದಿರಬೇಕು. ಪಕ್ಕದಲ್ಲಿ ಒಂದು ಬಾಣ, ಅದರ ಬಾಲ ಮಾತ್ರ ಪಟ್ಟಿಯಲ್ಲಿತ್ತು. ಮೂತಿ ಯಾವುದೋ ಪುಟದಲ್ಲಿ ಉಳಿದಿತ್ತು. ಅದಕ್ಕಾಗಿ ಇನ್ನೂರು ಹಾಳೆಗಳನ್ನು ಮತ್ತೆ ತಿರುವಿ ಹಾಕಿದೆ. ಸಿಕ್ಕಿತು. ಕನ್ನಡಕವನ್ನು ಹಣೆಗೇರಿಸಿಕೊಂಡ ಅಜ್ಜ, ರಸ್ತೆಯಲ್ಲಿ ಯಾರೋ ಬಿಟ್ಟುಹೋದ ಕೊಡೆಯೊಂದನ್ನು ಎತ್ತಿ ತಂದು, ಯಾರೂ ಕೇಳದಿದ್ದರೂ ಕಡ್ಡಿ ಕಟ್ಟುತ್ತ ಕುಳಿತಿದ್ದ. ಬಾಣದ ಮೂತಿ ಅವನ ಕನ್ನಡಕಕ್ಕೆ ತಾಗಿತ್ತು. ನನ್ನ ಕನ್ನಡಕವೂ ಆಗ ಹಣೆಯ ಮೇಲಿತ್ತು, ಕಣ್ಣು ಒರೆಸಿಕೊಳ್ಳಲು ಏರಿಸಿದ್ದೆ.

ಸಿಕ್ಕ ಪಟ್ಟಿಗಳನ್ನೆಲ್ಲ ಅವುಗಳ ಪುಟದ ಪಕ್ಕಕ್ಕೆ ಅಂಟಿಸಿ, ಅಗಲವಾದ ಹೊಸ ಅಂಚು ಬಿಟ್ಟು, ಈ ಸಲ ಬೆನ್ನು ಬಲಕ್ಕೆ ಬರುವಂತೆ ಶರಣಪ್ಪ ಕಟ್ಟಿಕೊಟ್ಟ. ಸಿಗದವು ಸಿಗಲಿಲ್ಲ, ಆ ಜಾಗ ಖಾಲಿ ಉಳಿಯಿತು. ಅದಾದ ಮೇಲಿನ ಭಾನುವಾರ ಮೂವರೂ ನಮ್ಮ ಮನೆಗೆ ಬಂದಾಗ, ಈ ಸಲ ಪ್ರಶಸ್ತಿ ಪ್ರದಾನವಿಲ್ಲದೆ, ಪುಸ್ತಕವನ್ನು ಟೀಪಾಯಿಯ ಮೇಲಿಟ್ಟು, "ತಪ್ಪಾಯ್ತು ಮಗಾ, ನಾನು ಕೇಳಬೇಕಿತ್ತು" ಎಂದೆ. ಸ್ವಾತಿ ಪುಟ ತಿರುವುತ್ತ ಹೋದಳು. ಒಂದು ಪುಟದಲ್ಲಿ ನಿಂತಳು. ಯಾವ ಪುಟವೆಂದು ನನಗೆ ಗೊತ್ತಿತ್ತು. ಆ ಬಾಣದ ಕೆಳಗಿನ ಹೊಸ ಅಂಚಿನಲ್ಲಿ ಜೀವಮಾನದಲ್ಲೇ ಮೊದಲ ಬಾರಿಗೆ ಗ್ರಂಥಪಾಲ ಪೆನ್ಸಿಲಿನಲ್ಲಿ ಒಂದು ಸಾಲು ಗೀಚಿದ್ದ: 'ದಯವಿಟ್ಟು ಈ ಅಜ್ಜನನ್ನು ಸಾಯಿಸಬೇಡಿ, ಅವನು ಕೆಟ್ಟವನಲ್ಲ.'

ಕ್ಯಾ ಲಿಖಾ ಹೈ ಎಂದು ಓಂಕಾರ್ ಕೇಳಿದ. ಸ್ವಾತಿ ಬೆರಳಿಟ್ಟು, ಅಕ್ಷರ ಅಕ್ಷರ ಕೂಡಿಸಿ, ಗಟ್ಟಿಯಾಗಿ ಕನ್ನಡದಲ್ಲಿ ಓದಿದಳು, ಆಮೇಲೆ ಅವರಿಬ್ಬರಿಗೂ ಅರ್ಥ ಹೇಳಿದಳು, ಹೇಳಿ, "ದೇಖಾ? ಮೈ ಅಕೇಲೀ ನಹೀ ಹೂಂ" ಎಂದಳು, ನೋಡಿದಿರಾ, ನಾನೊಬ್ಬಳೇ ಅಲ್ಲ ಎಂದು. ಒಳಗಿನಿಂದ ಸುಮತಿ ಸೌಟು ಹಿಡಿದು ಹೊರಗೆ ಬಂದು ನೋಡಿದಳು, ಯಾರು ಮಾತಾಡುತ್ತಿರುವುದೆಂದು.

ಸಂಜೆ ಅವರು ಥಾಣೆಯ ತಲಾವ್ ಪಾಳಿಗೆ ಹೊರಟರು, ಕೆರೆಯ ಕಟ್ಟೆಯ ಮೇಲೆ ಕುಳಿತು ಮುಂದಿನ ಜಗಳ ಮುಗಿಸುವುದಿತ್ತಂತೆ. ನನ್ನನ್ನೂ ಕರೆದರು. ಭಾನುವಾರದ ಟ್ರೇನೂ ತುಂಬಿತ್ತು. ಒಂದೇ ಬೆಂಚು ಸಿಕ್ಕಿತು, ಅದರಲ್ಲಿ ಮೂವರೂ ಕುಳಿತರು, ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತೆ. ಗಂಟಲು ಸರಿಮಾಡಿಕೊಳ್ಳಲು ಏಕೋ ಸಂಕೋಚವಾಯಿತು. ಕೇಳದೆ ಬಂದು ಕೂರುವ ಅಭ್ಯಾಸವನ್ನು ಆಗಷ್ಟೇ ಬಿಟ್ಟಿದ್ದೆನಲ್ಲ. ದಿವಾ ಸ್ಟೇಷನ್ ದಾಟಿತು. ಪುಸ್ತಕದಿಂದ ತಲೆಯೆತ್ತದೆಯೇ ಸ್ವಾತಿ ಒಂದಿಷ್ಟು ಒಳಗೆ ಸರಿದಳು, ಅವಳು ಸರಿದದ್ದಕ್ಕೆ ಉಳಿದಿಬ್ಬರೂ ಸರಿದರು.

"ಬನ್ನಿ ಪಪ್ಪ, ಕೂತ್ಕೊಳ್ಳಿ" ಎಂದಳು, ಕನ್ನಡದಲ್ಲಿ.

ಕುಳಿತೆ. ಅರ್ಧ ದೇಹ ಎಂದಿನಂತೆ ಹೊರಗೇ ಇತ್ತು. ಅವಳು ಪುಸ್ತಕವನ್ನು ನನ್ನ ಕಡೆಗೆ ಸ್ವಲ್ಪ ವಾಲಿಸಿ, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟಳು.